ಸುರಂಗಕ್ಕೆ ದಾರಿ ಬಿಡುವ ಮುನ್ನ

ಮನೆಯಲ್ಲಿ ಕುಳಿತು ಕಚೇರಿಯ ವಿಪಿಎನ್‌ಗೆ ಸೇರಲೆತ್ನಿಸಿ ವಿಫಲರಾದ ವಾಚಕರೇ, ರೂಟರನ್ನು ಶಪಿಸುವ ಮುನ್ನ ಅದರ ಸಂಕಟವನ್ನೂ ತುಸು ಅರಿಯಿರಿ. ಮನೆಯ ಹಲವು ಯಂತ್ರಗಳಿಗೆ ಒಂದೇ ಹೊರವಿಳಾಸವನ್ನು ಹಂಚುವ ಈ ದ್ವಾರಪಾಲಕನು, ಬಂದ ಪೊಟ್ಟಣವು ಯಾರದೆಂಬುದನ್ನು ಪೋರ್ಟ್ ಸಂಖ್ಯೆಯಿಂದಲೇ ಗುರುತಿಸತಕ್ಕವನು. ಪಿಪಿಟಿಪಿ, ಐಪಿಸೆಕ್ ಎಂಬ ವಿಪಿಎನ್ ವಿಧಾನಗಳು ಕ್ರಮವಾಗಿ ಬಳಸುವ ಜಿಆರ್‌ಇ, ಇಎಸ್‌ಪಿ ಪೊಟ್ಟಣಗಳಿಗಾದರೋ ಪೋರ್ಟೆಂಬುದೇ ಇಲ್ಲದಿರುವುದರಿಂದ ಅವನು ದಿಗ್ಭ್ರಾಂತನಾಗುತ್ತಾನೆ. ಆ ತೊಡಕನ್ನು ನಿವಾರಿಸುವುದೇ ‘ವಿಪಿಎನ್ ಪಾಸ್‌ಥ್ರೂ’. ಬ್ರೌಸರಿನಲ್ಲಿ ರೂಟರಿನ ವಿಳಾಸವನ್ನು, ಬಹುಮಟ್ಟಿಗೆ 192.168.0.1 ಅಥವಾ 192.168.1.1 ಎಂದು, ಬರೆದು ಒಳಹೊಕ್ಕು, ಸೆಕ್ಯುರಿಟಿ ಇಲ್ಲವೆ ಎಎಲ್‌ಜಿ ವಿಭಾಗದಲ್ಲಿ ಕಚೇರಿಯವರು ಹೇಳಿದ ವಿಧಾನವೊಂದನ್ನೇ ತೆರೆದು, ಉಳಿದವನ್ನು ಮುಚ್ಚಿಡುವುದು ವಿವೇಕ. 4500ನೆಯ ಯುಡಿಪಿ ಪೋರ್ಟಿನ ಮೂಲಕ ಸಾಗುವ ಇಂದಿನ ಐಪಿಸೆಕ್‌ಗಾಗಲಿ, ಓಪನ್‌ವಿಪಿಎನ್, ವೈರ್‌ಗಾರ್ಡ್‌ಗಳಿಗಾಗಲಿ ಈ ಉಪಕಾರವೇ ಬೇಡ. ದುರ್ಬಲವೆಂದು ಸಿದ್ಧವಾಗಿರುವ ಪಿಪಿಟಿಪಿಗಂತೂ ದಾರಿ ಬಿಡುವುದಕ್ಕಿಂತ ಅದನ್ನು ಕೈಬಿಡುವುದೇ ಲೇಸು.