ತೂತು ಕಾಸಿಗೆ ಕಣ್ಣು ಬೇಕು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳೇ ಮನೆಗಳಲ್ಲಿ ಅಟ್ಟದ ಟ್ರಂಕು ಬಿಚ್ಚಿದರೆ ನಡುವೆ ತೂತಿರುವ ಕಂಚಿನ ಬಿಲ್ಲೆಯೊಂದು ಸಿಗುವುದುಂಟು. ಪಕ್ಕದಲ್ಲೇ ಚಿನ್ನದ ಗಣಿಯಿದ್ದ ಸೀಮೆಯವರು ಕಂಚಿನ ಚೂರಿನ ಹಿಂದೆ ಬೀಳುವುದು ತಮಾಷೆಯೆನಿಸಬಹುದು. ಆದರೆ ನಾಣ್ಯ ಸಂಗ್ರಹಕ್ಕೆ ಈಗಷ್ಟೇ ಇಳಿಯುವವರಿಗೆ ಇದಕ್ಕಿಂತ ಒಳ್ಳೆಯ ನಾಣ್ಯವಿಲ್ಲ. ಮಾಮೂಲಿ ತೂತು ಕಾಸು ಈಗಲೂ ಅಗ್ಗ. ಇಲ್ಲಿ ಗೆಲ್ಲುವುದು ದುಡ್ಡಿದ್ದವರಲ್ಲ, ನೋಡಲು ಬಲ್ಲವರು.

1. ಹಳೇ ಲೆಕ್ಕ ಬಾಯಿಗೆ ಬರಲಿ.
ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ತೂತು ಬಿಲ್ಲೆಯ ಬೆಲೆ ಒಂದು ಪೈಸೆ, ಅಂದರೆ ಕಾಲಾಣೆ. ರೂಪಾಯಿಗೆ ಇಂಥವು 64. ರೂಪಾಯಿಗೆ ನೂರು ಎಂಬ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು, ನಯಾ ಪೈಸೆಯ ಜೊತೆಗೆ. ಎರಡನ್ನೂ ಗಂಟು ಹಾಕಿಕೊಂಡು ಮಾತಾಡಿದರೆ ಮಾರುವವನಿಗೆ ನೀವು ಹೊಸಬರೆಂದು ತಕ್ಷಣ ಗೊತ್ತಾಗುತ್ತದೆ.

2. ತೂತು ಯಾಕೆ ಬಂತೆಂದು ತಿಳಿದುಕೊಳ್ಳಿ.
ಎರಡನೇ ಮಹಾಯುದ್ಧ ಲೋಹಗಳನ್ನೆಲ್ಲ ನುಂಗುತ್ತಿತ್ತು. 1940ರಲ್ಲಿ ಬೆಳ್ಳಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದು ಭಾರತ ರಕ್ಷಣಾ ನಿಯಮಗಳ ಪ್ರಕಾರ ಅಪರಾಧವಾದದ್ದೂ ಅದೇ ವರ್ಷ. ನಿಕ್ಕಲ್ಲಿಗೂ ಬರ ಬಂದು, 1942ರಿಂದ ಆಣೆ, ಅರ್ಧಾಣೆಗಳು ಹಳದಿ ಬಣ್ಣದ ನಿಕ್ಕಲ್-ಹಿತ್ತಾಳೆಗೆ ತಿರುಗಿದವು. ಆಮೇಲೆ ಕಾಲಾಣೆಯ ಸರದಿ. ಹಳೇ ಕಾಲಾಣೆ 4.86 ಗ್ರಾಂ ತೂಗುತ್ತಿತ್ತು, ಅಗಲ 25.4 ಮಿಲಿಮೀಟರ್. 1943ರಲ್ಲಿ ಬಂದ ಹೊಸದರ ತೂಕ ಸುಮಾರು 2 ಗ್ರಾಂ, ಅಗಲ 21 ಮಿಲಿಮೀಟರಿನ ಆಸುಪಾಸು. ಒಂದು ಹಳೇ ಕಾಲಾಣೆಯ ಲೋಹದಲ್ಲಿ ಎರಡು ತೂತು ಬಿಲ್ಲೆ ಮಾಡಿಯೂ ಚೂರು ಮಿಗುತ್ತಿತ್ತು! ನಡುವೆ ತೂತು ಬಂದಮೇಲೆ ಆರನೇ ಜಾರ್ಜನ ಮುಖಕ್ಕೆ ಜಾಗವೆಲ್ಲಿ? ದೊರೆ ಹೋದ, ಕಿರೀಟವಷ್ಟೇ ಉಳಿಯಿತು. ಇನ್ನೊಂದು ಬದಿಗೆ ಎಲೆಗಳ ಬಳ್ಳಿ.

3. ‘ಮೈಸೂರು ಮಹಾರಾಜರ ತೂತು ಕಾಸು’ ಎಂದರೆ ಮುಂದೆ ನಡೆಯಿರಿ.
ಮೈಸೂರಿನ ಸ್ವಂತ ನಾಣ್ಯ ಅಚ್ಚು ಹಾಕುವುದು 1843ಕ್ಕೇ ನಿಂತುಹೋಗಿತ್ತು. ಜಯಚಾಮರಾಜ ಒಡೆಯರ ಕಾಲದಲ್ಲಿ ಕೋಲಾರದ ಅಂಗಡಿಯಲ್ಲೂ ಸಂತೆಯಲ್ಲೂ ಓಡಾಡಿದ್ದು ಬ್ರಿಟಿಷ್ ಇಂಡಿಯಾದ ನಾಣ್ಯವೇ.

4. ಇಸವಿಯ ಕೆಳಗೆ ಭೂತಗನ್ನಡಿ ಹಿಡಿಯಿರಿ.
ಆಟವಿರುವುದು ಇಲ್ಲೇ. ಇಸವಿಯ ಕೆಳಗೆ ಏನೂ ಗುರುತಿಲ್ಲದಿದ್ದರೆ ಕಲ್ಕತ್ತ ಟಂಕಸಾಲೆಯದು. ವಜ್ರಾಕಾರದ ಚುಕ್ಕೆಯಿದ್ದರೆ ಬೊಂಬಾಯಿ. ಇಂಗ್ಲಿಷಿನ ‘ಎಲ್’ ಅಕ್ಷರವಿದ್ದರೆ ಲಾಹೋರು. ದುಂಡು ಚುಕ್ಕೆಯಿದ್ದರೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯ. ನಮ್ಮ ಟಂಕಸಾಲೆಗಳ ಕೈ ಸಾಲದೆ ಕೆಲಸ ಅಷ್ಟು ದೂರ ಹೋಗಿತ್ತು. ಲಾಹೋರಿನ ಟಂಕಸಾಲೆ ಯುದ್ಧಕಾಲದಲ್ಲೇ ಶುರುವಾದದ್ದು, ದೇಶ ಒಡೆದಾಗ ಪಾಕಿಸ್ತಾನದ ಪಾಲಾಯಿತು. ಸವೆದ ನಾಣ್ಯದಲ್ಲಿ ವಜ್ರವೂ ದುಂಡಾಗಿಯೇ ಕಾಣುತ್ತದೆ. ಅಂಥದಕ್ಕೆ ಪ್ರಿಟೋರಿಯದ ಬೆಲೆ ತೆರಬೇಡಿ.

5. ಆಮೇಲೆ ಕಿರೀಟ.
ಉಬ್ಬಿ ಎದ್ದು ನಿಂತ ಕಿರೀಟ ಒಂದು ಬಗೆ, ಚಪ್ಪಟೆ ಕಿರೀಟ ಇನ್ನೊಂದು. ಬರಹದಲ್ಲೂ ಸಣ್ಣಕ್ಷರ, ದೊಡ್ಡಕ್ಷರ ಎಂಬ ಭೇದವಿದೆ. ಎರಡು ನಾಣ್ಯ ಅಕ್ಕಪಕ್ಕ ಇಟ್ಟರೆ ಪುಸ್ತಕವೇ ಬೇಡ, ಕಣ್ಣಿಗೆ ಹೊಡೆಯುತ್ತದೆ.

6. ತೂತಿದ್ದದ್ದೆಲ್ಲ ಅದೇ ಅಲ್ಲ.
ನಿಜಾಮರ ಹೈದರಾಬಾದಿನ ಪುಟ್ಟ 2 ಪೈ ನಾಣ್ಯಕ್ಕೂ ತೂತಿತ್ತು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನದಲ್ಲಿದ್ದವು. ಕಛ್ ಸಂಸ್ಥಾನವೂ ತೂತಿನ ನಾಣ್ಯ ಹೊರಡಿಸಿತು. 1948ರಿಂದ ಪಾಕಿಸ್ತಾನವೂ ಒಂದು ಪೈಸೆಯನ್ನು ತೂತಿಟ್ಟೇ ಅಚ್ಚು ಹಾಕಿತು. ನಮ್ಮದು 1943ರಿಂದ 1947ರವರೆಗಿನದು, ಅಷ್ಟೆ. ಐದು ಇಸವಿಗಳನ್ನು ಮೊದಲು ಹೊಂದಿಸಿ, ಟಂಕಸಾಲೆಗಳ ಆಸೆ ಆಮೇಲೆ.

7. ತೂತಿನ ಅಂಚು ನೋಡದೆ ಕೊಳ್ಳಬೇಡಿ.
ಜನ ಈ ಬಿಲ್ಲೆಯನ್ನು ಮಕ್ಕಳ ಉಡುದಾರಕ್ಕೆ ಪೋಣಿಸಿದರು, ಬೋಲ್ಟಿಗೆ ವಾಷರ್ ಮಾಡಿ ತಿರುಗಿಸಿದರು. ದಾರ ಉಜ್ಜಿ ನುಣುಪಾದ ಅಂಚನ್ನಾದರೂ ಕ್ಷಮಿಸಬಹುದು. ನಟ್ಟು ಕೊರೆದ ಉಂಗುರದ ಗೆರೆ ಬಿದ್ದಿದ್ದರೆ ಬೆಲೆ ಬಿತ್ತು. ತೂತು ನಡುವಿನಿಂದ ಜರುಗಿದ ನಾಣ್ಯಗಳು ಟಂಕಸಾಲೆಯ ತಪ್ಪಿನಿಂದಲೇ ಬಂದವು, ಅವನ್ನು ಬಯಸುವವರಿದ್ದಾರೆ. ‘ತೂತೇ ಬೀಳದ ಅಪರೂಪದ ನಾಣ್ಯ’ ಎಂದು ಕೊಟ್ಟರೆ ಮಾತ್ರ ನಡುಭಾಗವನ್ನು ಬೆಳಕಿಗೆ ಹಿಡಿದು ವಾರೆಯಾಗಿ ನೋಡಿ. ತೂತು ಮುಚ್ಚುವುದು ಬೆಸುಗೆ ಬಲ್ಲವನಿಗೆ ದೊಡ್ಡ ಕೆಲಸವಲ್ಲ. ನನ್ನ ಮಟ್ಟಿಗಂತೂ ಇಂಥ ವಿಚಿತ್ರಗಳಿಗಿಂತ ಓದಲು ಬರುವ ಇಸವಿಯೇ ಮೇಲು.

8. ಹುಣಸೆಹಣ್ಣು ದೂರವಿಡಿ.
ತಾಮ್ರದ ಚೊಂಬಿಗೆ ಸರಿ, ನಾಣ್ಯಕ್ಕೆ ಬೇಡ. ನಿಂಬೆ, ಬೂದಿ, ಪುಡಿ ಯಾವುದೂ ಬೇಡ. ಎಂಬತ್ತು ವರ್ಷಕ್ಕೆ ಕೂತ ಕಂದು ಬಣ್ಣ ಎರಡು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ.

9. ಹತ್ತಿರದಿಂದ ಹುಡುಕಿ.
ಮೊದಲು ಅಜ್ಜಿಯ ಟ್ರಂಕು, ಆಮೇಲೆ ಹಳೇ ಹಿತ್ತಾಳೆ ಕೊಳ್ಳುವ ಪಾತ್ರೆ ಅಂಗಡಿ, ಆಮೇಲೆ ಬೆಂಗಳೂರಿನ ನಾಣ್ಯ ಪ್ರದರ್ಶನ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನ ಹಿರಿಯರಿಗೆ ‘ಚಿಲ್ಲು ಕಾಣಿ’ ಎಂದು ಹೇಳಿದರೆ ಬೇಗ ನೆನಪಾಗುತ್ತದೆ. ಸಿಕ್ಕಿದ್ದನ್ನು ಕಾಗದದ ಲಕೋಟೆಯಲ್ಲಿಟ್ಟು, ಯಾವ ಊರಿನ ಯಾರ ಮನೆಯದೆಂದು ಮೇಲೆ ಬರೆಯಿರಿ. ಒಂದು ಜಾಗದ ಆಸೆ ಮಾತ್ರ ಬಿಡಿ. ಕೋಲಾರಮ್ಮನ ಗುಡಿಯಲ್ಲಿ ನೆಲದೊಳಗೆ ಕೊರೆದ ಹುಂಡಿಯಿದೆ. ಸಾವಿರ ವರ್ಷದಿಂದ ಕಾಣಿಕೆ ಬೀಳುತ್ತಿದೆ, ಯಾರೂ ತೆರೆದಿಲ್ಲ ಎನ್ನುತ್ತಾರೆ. ಅದರೊಳಗೆ ತೂತು ಕಾಸು ಎಷ್ಟಿದ್ದಾವೋ, ಅವೆಲ್ಲ ಅಮ್ಮನವು. ಕಾಯುವುದಕ್ಕೆ ಚೇಳುಗಳ ದೇವಿ ಚೇಳಮ್ಮ ಬೇರೆ ಇದ್ದಾಳೆ.

10. ಲಕ್ಷದ ಮಾತಾಡುವವರಿಗೆ ಕಿವಿಗೊಡಬೇಡಿ.
‘ನಿಮ್ಮ ಹಳೇ ಪೈಸೆಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ’ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲೇ ವಂಚಿಸುವವರಿದ್ದಾರೆ. ಇಂಥ ವ್ಯವಹಾರ ತಾನು ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕೊಳ್ಳುವವನು ಮಾರುವವನ ಹತ್ತಿರ ದುಡ್ಡು ಕೇಳುವ ಸಂತೆ ಎಲ್ಲಿಯೂ ಇಲ್ಲ. ಫೋನ್ ಇಟ್ಟುಬಿಡಿ.