ಕೊಬ್ಬರಿ ಅಟ್ಟ ಮತ್ತು ಮನೆಯ ಸರ್ವರ್

ಪಂಚನಹಳ್ಳಿ, ಕಡೂರು ತಾಲ್ಲೂಕು

ಹಳೇ ಕಂಪ್ಯೂಟರನ್ನು ಊರಲ್ಲೇ ಬಿಟ್ಟು ಬೆಂಗಳೂರು ಸೇರಿದ ಮಗುವಿಗೆ,

ಫೋಟೊ, ಪಹಣಿ, ಕ್ರಯಪತ್ರದ ಸ್ಕ್ಯಾನ್ ಎಲ್ಲ ಊರ ಮನೆಯಲ್ಲೇ ಇರಬೇಕು, ಬೆಂಗಳೂರಿನ ರೂಮಿನಿಂದಲೇ ತೆಗೆದು ನೋಡುವಂತಿರಬೇಕು ಎಂಬ ಆಸೆ ಒಳ್ಳೆಯದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಎಷ್ಟೋ ಗಟ್ಟಿಮುಟ್ಟು ಯಂತ್ರಗಳು ಮೂಲೆ ಸೇರಿವೆ; ಡೆಬಿಯನ್ ಲಿನಕ್ಸ್ ಹಾಕಿದರೆ ಅವು ಮನೆಯ ಸರ್ವರ್ ಆಗಿ ಇನ್ನೂ ದುಡಿಯುತ್ತವೆ. ತುಮಕೂರಿನ ದೇವರಾಯನದುರ್ಗದ ಕಡೆ ಜನಸ್ತು ಎಂಬ ಸಂಸ್ಥೆಯವರು ಊರಿನದೇ ವೈಫೈ ಜಾಲ ಕಟ್ಟಿ, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡರು. ಪೆಟ್ಟಿಗೆಯ ಬಗ್ಗೆ ಹೆದರಿಕೆ ಬೇಡ.

ಲೆಕ್ಕ ಹಾಕಬೇಕಾದ್ದು ಕರೆಂಟಿನದು. ಡೆಸ್ಕ್‌ಟಾಪ್ ಸುಮ್ಮನೆ ಕೂತೇ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್ ಆಯಿತು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಸಿಗುವುದಿಲ್ಲ; ಮನೆಯ ಹಿಂದಿನ ಬಳಕೆಯ ಸರಾಸರಿ, ಅದರ ಮೇಲೆ ಶೇ 10. ಸರಾಸರಿ 80 ಇರುವ ಮನೆಗೆ 88. ಮಿಕ್ಕ 35 ಯೂನಿಟ್ಟಿನ ದುಡ್ಡು ಕಟ್ಟುವವರು ನಿಮ್ಮಪ್ಪ. ಹಳೇ ಲ್ಯಾಪ್‌ಟಾಪ್ 15 ವ್ಯಾಟಿನಲ್ಲಿ ನಡೆದರೆ 11 ಯೂನಿಟ್ಟಿಗೆ ಮುಗಿಯಿತು. ಕರೆಂಟ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್. ಊದಿದ ಬ್ಯಾಟರಿಯಾದರೆ ಮಾತ್ರ ತೆಗೆದುಬಿಡು. ರೂಟರಿಗೂ ಒಂದು ಚಿಕ್ಕ ಯುಪಿಎಸ್ ಇರಲಿ, ಇಲ್ಲದಿದ್ದರೆ ಸರ್ವರ್ ಎದ್ದು ಕೂತೂ ಪ್ರಯೋಜನವಿಲ್ಲ.

ಯಂತ್ರವನ್ನು ಅಟ್ಟದ ಕೆಳಗಂತೂ ಇಡಬೇಡ. ಉಂಡೆ ಕೊಬ್ಬರಿಗೆಂದು ಹತ್ತು ಹನ್ನೆರಡು ತಿಂಗಳು ಕಾಯಿ ಒಣಗುವ ಅಟ್ಟದ ಸಂದಿಯಿಂದ ಸಿಪ್ಪೆಯ ಕಂದು ಪುಡಿ ಉದುರುತ್ತಲೇ ಇರುತ್ತದೆ. ಅದು ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡರೆ ಯಂತ್ರ ಬೇಸಿಗೆಯಲ್ಲಿ ಕಾದು ತಾನಾಗಿ ಆರುತ್ತದೆ.

ಇನ್ನು ಬೆಂಗಳೂರಿನಿಂದ ಮನೆಯ ಸರ್ವರನ್ನು ಮುಟ್ಟಲು ವಿಳಾಸದ ತಾಪತ್ರಯ. ಹಳೇ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಅವನ್ನು ಹಂಚುವ ಮೂಲ ಕಣಜ 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಡುತ್ತವೆ. ರೂಟರಿನ ಪುಟದಲ್ಲಿ ಕಾಣುವ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಮ್ಮ ಮನೆಯೂ ಅಂಥದೊಂದು ವಠಾರದಲ್ಲಿದೆ ಎಂದರ್ಥ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್. ಪೋರ್ಟ್ ಫಾರ್ವರ್ಡಿಂಗ್ ಎಂದು ರಾತ್ರಿಯಿಡೀ ಒದ್ದಾಡಿದರೂ ಪೋಸ್ಟ್‌ಮ್ಯಾನ್ ನಮ್ಮ ಬಾಗಿಲಿಗೆ ಬರುವುದಿಲ್ಲ. ಒಳಗಿದ್ದವರು ಹೊರಗೆ ಹೋಗಲು ಅಡ್ಡಿಯಿಲ್ಲವಲ್ಲ, ಆ ದಾರಿ ಹಿಡಿ: ಸರ್ವರೇ ಹೊರಗಿನವರಿಗೆ ಕರೆ ಮಾಡಿ ಲೈನ್ ಹಿಡಿದುಕೊಂಡಿರಲಿ. 2020ರಲ್ಲಿ ಲಿನಕ್ಸ್ 5.6ರೊಳಗೇ ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್ ಇದಕ್ಕೆ ಹೇಳಿಮಾಡಿಸಿದ್ದು, ಆದರೆ ಹೊರಗೊಂದು ಬಾಡಿಗೆ ಸರ್ವರ್ ಬೇಕು. ಅದರ ಮೇಲೇ ಕಟ್ಟಿದ ಟೇಲ್‌ಸ್ಕೇಲ್ ಆದರೆ ಆ ಬಾಡಿಗೆಯೂ ಉಳಿಯುತ್ತದೆ. ದೂರದಿಂದ ಸರ್ವರಿನ ಒಳಹೋಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬೇಡ, ಕೀ ಸಾಕು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದ ಮೇಲೆಯೇ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು.

ಕಳ್ಳರಿಗಿಂತ ಮೊದಲು ಮಿಕ್ಸಿಯ ಯೋಚನೆ ಮಾಡು. ನಿಮ್ಮಮ್ಮ ಚಟ್ನಿ ರುಬ್ಬಲು ಪ್ಲಗ್ ಕಿತ್ತರೆ ಅಲ್ಲಿಗೆ ಮುಗಿಯಿತು. ಜಿನೀವಾ ಬಳಿಯ ಸರ್ನ್‌ನಲ್ಲಿ ವೆಬ್ಬಿನ ಮೊದಲ ಸರ್ವರ್ ನಡೆಸುತ್ತಿದ್ದ ಟಿಮ್ ಬರ್ನರ್ಸ್-ಲೀಗೂ ಇದೇ ಚಿಂತೆಯಿತ್ತು. ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದ್ದ. ನೀನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆ.

ಊರಿಗೆ ಬಂದು ಎಲ್ಲ ಜೋಡಿಸಿದ ಮೇಲೆ, ಮನೆಯ ವೈಫೈಯಲ್ಲೇ ಕೂತು ಫೋಟೊ ‘ಬಂತು’ ಎಂದರೆ ಬಂದಂತಲ್ಲ. ಬೆಂಗಳೂರಿನ ಬಸ್ಸು ಹತ್ತುವ ಮೊದಲು ನಮ್ಮ ಸ್ಟ್ಯಾಂಡಿನಲ್ಲಿ ಮೊಬೈಲ್ ಡೇಟಾ ಹಾಕಿ ಒಂದು ಫೋಟೊ ತೆರೆದು ನೋಡು. ತೆರೆಯದಿದ್ದರೆ ಮನೆಗೆ ಇನ್ನೂ ನಡೆದೇ ವಾಪಸ್ಸು ಬರಬಹುದು.

ಇಂತಿ,
ಊರಲ್ಲೇ ಉಳಿದ ಚಿಕ್ಕಪ್ಪ