ಶಿಸ್ತಿಗೂ ಮೊದಲು ಒಂದು ‘ಯಾಕೆ’

ಐದು ಗಂಟೆಗೆ ಅಲಾರಂ ಇಡುತ್ತೀರಿ. ಅದು ಹೊಡೆದುಕೊಂಡಾಗ ಆಫ್ ಮಾಡಿ ಮಗ್ಗುಲು ಬದಲಿಸುತ್ತೀರಿ. ಆಮೇಲೆ ದಿನವಿಡೀ ನಿಮ್ಮನ್ನು ನೀವೇ ಸೋಮಾರಿ ಎಂದು ಬೈದುಕೊಳ್ಳುತ್ತೀರಿ. ಆ ಬೈಗುಳವನ್ನು ಇವತ್ತಿಗೆ ನಿಲ್ಲಿಸಿ. ಏಳುವುದಕ್ಕೆ ನಿಮ್ಮದೇ ಆದ ಕಾರಣ ಇನ್ನೂ ಸಿಕ್ಕಿಲ್ಲ, ಅಷ್ಟೇ. ಭಯಪಡಬೇಡಿ, ಹುಡುಕೋಣ. ಒಂದು ನೋಟ್‌ಬುಕ್, ಒಂದು ಪೆನ್ನು, ಅರ್ಧ ಗಂಟೆ ಬಿಡುವು ಸಾಕು.

ಹಂತ 1: ಒಂದೇ ಕೆಲಸ ಆರಿಸಿ
ಪದೇ ಪದೇ ಶುರು ಮಾಡಿ ಕೈಬಿಟ್ಟ ಕೆಲಸವೇ ಒಳ್ಳೆಯದು. ಬೆಳಗಿನ ವಾಕಿಂಗ್ ಎಂದಿಟ್ಟುಕೊಳ್ಳೋಣ. ಜೊತೆಗೆ ಉಳಿತಾಯ, ಯೋಗ, ಇಂಗ್ಲಿಷ್ ಕಲಿಕೆ ಎಂದೆಲ್ಲ ಸೇರಿಸಬೇಡಿ.

ಹಂತ 2: ‘ಯಾಕೆ’ ಎಂದು ಕೇಳುತ್ತಾ ಹೋಗಿ
ಯಂತ್ರ ಕೆಟ್ಟರೆ ಐದು ಸಲ ‘ಯಾಕೆ’ ಎಂದು ಕೇಳಿ ಮೂಲ ಹುಡುಕುವ ಪದ್ಧತಿ ಜಪಾನಿನ ಟೊಯೊಟಾ ಕಾರ್ಖಾನೆಗಳದ್ದು. ಅದನ್ನೇ ನಿಮ್ಮ ಮೇಲೆ ಪ್ರಯೋಗಿಸಿ. ಪ್ರತಿ ಉತ್ತರವನ್ನೂ ಬರೆಯಿರಿ.

ಯಾಕೆ ನಡೆಯಬೇಕು? ಶುಗರ್ ಹತೋಟಿಗೆ ಬರಲಿ ಅಂತ.
ಯಾಕೆ ಬರಬೇಕು? ಡಾಕ್ಟರು ಹೇಳಿದ್ದಾರೆ.

ಹೆಚ್ಚಿನವರು ಇಲ್ಲೇ ನಿಂತುಬಿಡುತ್ತಾರೆ. ಇದು ಡಾಕ್ಟರ ಕಾರಣ. ಇನ್ನೊಬ್ಬರ ಕಾರಣ ನಿಮ್ಮನ್ನು ನಾಲ್ಕು ದಿನಕ್ಕಿಂತ ಹೆಚ್ಚು ಎಬ್ಬಿಸುವುದಿಲ್ಲ. ಮುಂದೆ ಕೇಳಿ.

ಅವರು ಹೇಳದಿದ್ದರೂ ನಿಮಗೆ ಯಾಕೆ ಬೇಕು? ಕಾಲು, ಕಣ್ಣು ಗಟ್ಟಿಯಾಗಿರಬೇಕು.
ಯಾಕೆ? ಮೊಮ್ಮಗಳನ್ನು ದಿನಾ ಸ್ಕೂಲಿಗೆ ನಾನೇ ಕೈಹಿಡಿದು ಕರೆದುಕೊಂಡು ಹೋಗಬೇಕು.

ಸಿಕ್ಕಿತು! ಬರೆಯುವಾಗ ಗಂಟಲು ಸ್ವಲ್ಪ ಕಟ್ಟಿದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ.

ಹಂತ 3: ಅದನ್ನು ಒಂದೇ ಸಾಲಲ್ಲಿ ಬರೆಯಿರಿ
ಯಾರಿಗಾಗಿ, ಯಾವುದಕ್ಕಾಗಿ ಎಂಬುದು ಆ ಸಾಲಲ್ಲಿರಲಿ. ‘ಇಷ್ಟು ಸಣ್ಣ ಉದ್ದೇಶವೇ?’ ಎಂದು ಸಂಕೋಚಪಡಬೇಡಿ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯನವರಿಗೆ ಮಕ್ಕಳಿರಲಿಲ್ಲ. ಹುಲಿಕಲ್–ಕುದೂರು ರಸ್ತೆಯ ಸುಮಾರು 4 ಕಿ.ಮೀ. ಉದ್ದಕ್ಕೆ ಆಲದ ಸಸಿ ನೆಟ್ಟು, ಕೊಡಗಳಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ, ಅವನ್ನೇ ಮಕ್ಕಳೆಂದು ಸಾಕಿದರು. ಅವರ ಹಾಜರಿ ಹಾಕುವವರು ಯಾರೂ ಇರಲಿಲ್ಲ. ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು ದಶಕಗಳ ನಂತರ, 2019ರಲ್ಲಿ. ಶಿಸ್ತು ಎಂದಾಗಲೆಲ್ಲ ನನಗೆ ನೆನಪಾಗುವುದು ಆ ಕೊಡಗಳೇ.

ಹಂತ 4: ದಿನದ ಒಂದು ಕೆಲಸಕ್ಕೆ ಗಂಟುಹಾಕಿ
‘ನಾಳೆಯಿಂದ ನಡೆಯುತ್ತೇನೆ’ ಎಂದು ಬರೆದರೆ ಸಾಲದು. ‘ಹಾಲಿನ ಪ್ಯಾಕೆಟ್ ಒಳಗಿಟ್ಟ ಕೂಡಲೇ ಶೂ ಹಾಕುತ್ತೇನೆ’ ಎಂದು ಬರೆಯಿರಿ. ಇಂಥ ಸರಳ ‘ಇದಾದರೆ ಅದು’ ಯೋಜನೆಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದ್ದಾರೆ.

ಹಂತ 5: ಹತ್ತು ನಿಮಿಷ ಮಾತ್ರ ಮಾಡಿ
ಮೊದಲ ದಿನವೇ ಒಂದು ಗಂಟೆ ನಡೆದು ಮೊಣಕಾಲು ನೋಯಿಸಿಕೊಳ್ಳಬೇಡಿ. ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ ಎಂದು ಡಾಕ್ಟರನ್ನು ಕೇಳಿಯೇ ಹೊರಡಿ.

ಹಂತ 6: ತಪ್ಪಿದ ಮರುದಿನ ಆ ಸಾಲನ್ನು ಓದಿ
ತಪ್ಪೇ ತಪ್ಪುತ್ತದೆ. ಮಳೆ, ಮದುವೆ, ಜ್ವರ ಏನೋ ಒಂದು. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾಯಿತು, ಕೆಲವರ ಲೆಕ್ಕ 254ಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಹಾಗಾಗಿ ನೋಟ್‌ಬುಕ್ ತೆರೆದು, ಸಾಲನ್ನು ಗಟ್ಟಿಯಾಗಿ ಓದಿ, ಶೂ ಹಾಕಿ.

ಓದಿದರೂ ಮನಸ್ಸು ಮಿಡಿಯದಿದ್ದರೆ ಎರಡನೇ ಹಂತಕ್ಕೆ ಹೋಗಿ, ಹೊಸ ಪುಟದಲ್ಲಿ ಮತ್ತೆ ಕೇಳಿ. ಮೊಮ್ಮಗಳು ದೊಡ್ಡವಳಾಗಿ ಒಬ್ಬಳೇ ಬಸ್ಸು ಹತ್ತುವ ಹೊತ್ತಿಗೆ ಹೇಗೂ ಹೊಸ ಸಾಲು ಬೇಕಾಗುತ್ತದೆ.